ಡಬ್ಬಾ ಫೋನ್: ಹತ್ತು ತಿಂಗಳ ಬಳಕೆಯ ನಂತರ

ಕಳೆದ ವರ್ಷ ಶ್ರಾವಣದ ಒಂದು ಸೋಮವಾರ ಶರಣಬಸವೇಶ್ವರರ ಗುಡಿಗೆ ಹೋಗಿ ಬರುವಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಒಂದು ಸಣ್ಣ ಮೊಬೈಲ್ ಅಂಗಡಿಗೆ ಹೊಕ್ಕು ನಾನೊಂದು ಕೀಪ್ಯಾಡ್ ಫೋನ್ ಕೊಂಡೆ. ನಮ್ಮ ಹಾಸ್ಟೆಲಿನಲ್ಲಿ ಇಂಥದ್ದನ್ನು ಎಲ್ಲರೂ ಡಬ್ಬಾ ಫೋನ್ ಎನ್ನುತ್ತಾರೆ; ಆ ಹೆಸರನ್ನೇ ಇಲ್ಲಿಯೂ ಇಟ್ಟುಕೊಂಡಿದ್ದೇನೆ. ಕೌಂಟರಿನ ಹಿಂದಿದ್ದ ಹುಡುಗ "ಯಾರಿಗ್ರಿ ಅಕ್ಕಾ, ಆಯಿಗೇನು?" ಎಂದು ಕೇಳಿದ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ನನಗೇ ಎಂದಾಗ ನನ್ನ ಕೈಯಲ್ಲಿದ್ದ ಸ್ಮಾರ್ಟ್‌ಫೋನನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ, "ಪರೀಕ್ಷಾ ಹತ್ರ ಬಂದಾವೇನ್ರಿ?" ಎಂದ. ಪರೀಕ್ಷೆ ಹತ್ತಿರವೇನೂ ಇರಲಿಲ್ಲ. ಆದರೂ ಹೌದೆಂದು ತಲೆಯಾಡಿಸಿದೆ, ಏಕೆಂದರೆ ನಿಜವಾದ ಕಾರಣವನ್ನು ಅಂಗಡಿಯ ಕಟ್ಟೆಯ ಮೇಲೆ ನಿಂತು ಹೇಳಲು ನನಗೆ ಬರುತ್ತಿರಲಿಲ್ಲ. ಈ ವಿಮರ್ಶೆ ಆ ಫೋನಿನದು. ಆದರೆ ಅದು ಯಾವುದರ ಬದಲಿಗೆ ಬಂತೋ ಅದನ್ನು ಹೇಳದೆ ಇದರ ಗುಣದೋಷಗಳನ್ನು ತೂಗಲಾಗದು.

ಮೊದಲು ವಸ್ತುವಿನ ಮಾತು. ನಾನು ಆರಂಭದಲ್ಲಿ ಆರಿಸಿದ್ದು ಇದನ್ನಲ್ಲ, 1,250 ರೂಪಾಯಿಯ ಇನ್ನೊಂದನ್ನು. ಹಾಸ್ಟೆಲಿಗೆ ತಂದು ನನ್ನ ಜಿಯೊ ಸಿಮ್ ಹಾಕಿದರೆ ಸಿಗ್ನಲ್ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಅದು 2ಜಿ ಸೆಟ್ಟು. 2016ರ ಸೆಪ್ಟೆಂಬರ್‌ನಲ್ಲಿ ಸೇವೆ ಆರಂಭಿಸಿದ ಜಿಯೊ ಮೊದಲ ದಿನದಿಂದಲೂ ಕರೆಗಳನ್ನು 4ಜಿಯಲ್ಲೇ ಸಾಗಿಸುತ್ತದೆ. 2ಜಿ ಜಾಲವೇ ಅದಕ್ಕಿಲ್ಲವಾದ್ದರಿಂದ ಅದರ ಸಿಮ್ಮು ಇಂಥ ಸೆಟ್ಟಿನಲ್ಲಿ ಏಳುವುದೇ ಇಲ್ಲ. ಇಷ್ಟು ವರ್ಷ ದಿನವಿಡೀ ಬಳಸಿದ ಸಿಮ್ಮಿನ ಬಗ್ಗೆ ಇಷ್ಟೂ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮರುದಿನ ಹುಡುಗ ತಕರಾರು ತೆಗೆಯದೆ 600 ರೂಪಾಯಿ ಹೆಚ್ಚಿಗೆ ಪಡೆದು 4ಜಿ ಸೆಟ್ಟು ಕೊಟ್ಟ. ಕೊಳ್ಳುವ ಮನಸ್ಸಿರುವವರು ಬಣ್ಣ ನೋಡುವ ಮೊದಲು ವೋಲ್ಟೆ, ಅಂದರೆ 4ಜಿಯಲ್ಲೇ ಕರೆ ಸಾಗಿಸುವ ಸೌಲಭ್ಯ, ಇದೆಯೇ ಎಂದು ಕೇಳಿಕೊಳ್ಳಬೇಕು. ರೀಚಾರ್ಜಿನ ವಿಷಯದಲ್ಲಿ ಕಾಲ ನನ್ನ ಕಡೆಗಿತ್ತು: ಕರೆ ಮತ್ತು ಎಸ್ಎಂಎಸ್ ಮಾತ್ರ ಬೇಕಾದವರಿಗೆ ಡೇಟಾ ಇಲ್ಲದ ಪ್ಯಾಕ್ ಕೊಡಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ತಿದ್ದಿದೆ. ಅಂಗಡಿಗಳಲ್ಲಿ ಆ ಪ್ಯಾಕನ್ನು ತಾವಾಗಿ ಯಾರೂ ತೋರಿಸುವುದಿಲ್ಲ, ಕೇಳಿದರೆ ಸಿಗುತ್ತದೆ.

ಬ್ಯಾಟರಿ ನಾಲ್ಕೈದು ದಿನ ಬರುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ನಮ್ಮ ಕೋಣೆಯ ನಾಲ್ವರಲ್ಲಿ ಕೊನೆಯವರೆಗೂ ಉರಿಯುತ್ತಿದ್ದದ್ದು ಇದರ ಟಾರ್ಚು. ಚಾರ್ಜರಿನ ಪಿನ್ನು ಮಾತ್ರ ಹಳೆಯ ಕಾಲದ್ದು. ನಮ್ಮ ಮಹಡಿಯಲ್ಲಿ ಯಾರ ಬಳಿಯೂ ಅದಿಲ್ಲ, ಅಡುಗೆ ಮಾಡುವ ಅಕ್ಕನ ಬಳಿ ಇದೆ. ಹೀಗಾಗಿ ನನ್ನದನ್ನು ಊರಲ್ಲೇ ಮರೆತು ಬಂದ ಒಂದು ವಾರ ಎರಡು ಸಲ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕಾಯಿತು. ಆ ವಾರ ಅವರ ಮಗಳ ನಿಶ್ಚಿತಾರ್ಥದ ಪೂರ್ತಿ ಕತೆ ಕೇಳಿದೆ.

ಈ ಫೋನಿನಲ್ಲಿ ನಾನು ಹೆಚ್ಚು ಒದ್ದಾಡಿದ್ದು ಕನ್ನಡ ಬರೆಯಲು. ಒಂದೇ ಕೀಲಿಯಲ್ಲಿ ಐದು ವ್ಯಂಜನಗಳು ಕುಳಿತಿರುತ್ತವೆ. ಮಹಾಪ್ರಾಣ ಬೇಕೆಂದರೆ ಮತ್ತೆ ಮತ್ತೆ ಒತ್ತಬೇಕು, ಒತ್ತಕ್ಷರಕ್ಕೆ ಇನ್ನೊಂದು ಕೀಲಿ ಹುಡುಕಬೇಕು. ಅದಕ್ಕೂ ಮಿಗಿಲಾಗಿ, ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಒಂದು ಎಸ್ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ ಬರೆದರೆ 70 ಮಾತ್ರ. ಆ 70ರಲ್ಲಿಯೂ ಕಾಗುಣಿತದ ಪ್ರತಿ ಗುರುತಿಗೆ ಬೇರೆ ಲೆಕ್ಕವಿರುವುದರಿಂದ 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸ್ಥಾನ ಹೋಗುತ್ತದೆ. "ಅವ್ವಾ ಶನಿವಾರ ಬರ್ತೀನಿ, ರೊಟ್ಟಿ ಮಾಡಿಡು" ಎಂಬುದನ್ನು ಒಮ್ಮೆ ಎಣಿಸಿ ನೋಡಿದೆ: ಸರಿಯಾಗಿ 35, ಅಂದರೆ ಒಂದು ಸಂದೇಶದ ಅರ್ಧ. ಉಳಿದರ್ಧದಲ್ಲಿ ಆಯಿಯ ಮೊಣಕಾಲು ನೋವಿನ ಬಗ್ಗೆ ಕೇಳಬಹುದು, ತಂಗಿಯ ಪರೀಕ್ಷೆಯ ಬಗ್ಗೆ ಕೇಳಬಹುದು, ಎರಡನ್ನೂ ಕೇಳಲಾಗದು. ಬೇಸರವಾದಾಗ ಕರೆಯನ್ನೇ ಮಾಡುತ್ತೇನೆ. ಅವ್ವನೊಡನೆ ಈಗ ಮೊದಲಿಗಿಂತ ಹೆಚ್ಚು ಮಾತಾಡುತ್ತಿರುವುದಕ್ಕೆ ಕಾರಣ ಪ್ರೀತಿ ಹೆಚ್ಚಾದದ್ದಲ್ಲ, ಈ ಕೀಲಿಮಣೆ.

ಇನ್ನು ಇದು ಬಂದದ್ದು ಯಾವುದರ ಬದಲಿಗೆ ಎಂಬುದು. ನಾನು ಹುಟ್ಟಿದ್ದು 2005ರಲ್ಲಿ, ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲೇ ಆದದ್ದರಿಂದ ಬಾಗಿಲು ಮುಚ್ಚಿಕೊಳ್ಳುವುದೆಂದರೇನು ಎಂಬುದು ನಮ್ಮ ಜಿಲ್ಲೆಗೆ ಉಳಿದವರಿಗಿಂತ ಮೊದಲೇ ತಿಳಿಯಿತು. ಹತ್ತನೆಯ ತರಗತಿಯ ಆನ್‌ಲೈನ್ ಪಾಠಕ್ಕೆಂದು ಅಪ್ಪ ಮನೆಯಲ್ಲಿ ಉಳಿಸಿಕೊಂಡಿದ್ದ ತೊಗರಿ ಮಾರಿ 8,500 ರೂಪಾಯಿಯ ಸ್ಮಾರ್ಟ್‌ಫೋನ್ ತಂದುಕೊಟ್ಟ. ಅದೇ ವರ್ಷದ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತ್ತು. ನಮ್ಮೂರ ಕಟ್ಟೆಯ ಹುಡುಗರು ಎರಡು ದಿನ ಸೂತಕದ ಮನೆಯವರಂತೆ ಕುಳಿತಿದ್ದರು. ಅಷ್ಟರಲ್ಲೇ ಬೇರೆ ಕಂಪನಿಗಳು ಚಿಕ್ಕ ವಿಡಿಯೊಗಳ ಅದೇ ಅಂಗಡಿಯನ್ನು ಬೇರೆ ಬೋರ್ಡು ಹಾಕಿ ತೆರೆದವು. ಪಾಠ ಕೇಳಲು ಬಂದ ಫೋನಿನಲ್ಲಿ ಪಾಠ ಮುಗಿಯುವ ಮೊದಲೇ ನನ್ನ ಖಾತೆ ಸಿದ್ಧವಾಗಿತ್ತು. ಆ ಆ್ಯಪ್‌ನ ಹೆಸರು ಇಲ್ಲಿ ಬೇಡ. ಬೇರೆ ಯಾವುದರಲ್ಲಿ ಬೆಳೆದಿದ್ದರೂ ನಾನು ಇಷ್ಟನ್ನೇ ಬರೆಯುತ್ತಿದ್ದೆನೇನೋ.

ನಾನು ಹಾಕಿದ ಮೊದಲ ಫೋಟೊ ನನಗಿನ್ನೂ ನೆನಪಿದೆ. ಆಯಿ ಅಂಗಳದ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕುಳಿತಿದ್ದೆ, ತೆಗೆದವಳು ತಂಗಿ. ಫೋಟೊದ ಮೇಲ್ಭಾಗದಲ್ಲಿ ನಮ್ಮ ಅಡುಗೆಮನೆಯ ಪತ್ರಾಸಿನ, ಅಂದರೆ ತಗಡಿನ, ಮಾಡು ಕಾಣುತ್ತಿತ್ತು. ಅದು ಗಾಳಿಗೆ ಹಾರಬಾರದೆಂದು ಇಟ್ಟ ಎರಡು ಕಲ್ಲುಗಳೂ ಒಂದು ಹಳೆಯ ಟೈರೂ ಕಾಣುತ್ತಿದ್ದವು. ಮೊದಲು ಟೈರನ್ನು ಕತ್ತರಿಸಿದೆ. ಆಮೇಲೆ ಮಾಡನ್ನು. ಅಷ್ಟಕ್ಕೆ ಆಯಿಯ ತಲೆಯ ಸೆರಗೂ ಅರ್ಧ ಹೋಯಿತು, ಹಾಗಿದ್ದ ಮೇಲೆ ಆಯಿ ಯಾಕೆ ಎನ್ನಿಸಿ ಆಕೆಯನ್ನೂ ತೆಗೆದೆ. ಉಳಿದದ್ದು ನನ್ನ ಮುಖ, ಒಂದು ತುಣುಕು ಬೆಂಕಿ. ಮುಖಕ್ಕೆ ಬಣ್ಣ ತಿಳಿಯಾಗಿಸುವ ಫಿಲ್ಟರ್ ಹಾಕಿ ಪೋಸ್ಟ್ ಮಾಡಿದಾಗ 47 ಲೈಕುಗಳು ಬಂದವು. ಅದೇ ದಿನ ನನ್ನ ಬೆಂಚಿನ ಗೆಳತಿಗೆ 212. ಆ ಎರಡು ಅಂಕಿಗಳು ಇಂದಿಗೂ ನನಗೆ ಎಸ್ಸೆಸ್ಸೆಲ್ಸಿಯ ಅಂಕಗಳಿಗಿಂತ ಸ್ಪಷ್ಟವಾಗಿ ನೆನಪಿವೆ.

ಲೈಕಿನ ಆ ಗುಂಡಿಯನ್ನು ಫೇಸ್‌ಬುಕ್ ತಂದದ್ದು 2009ರ ಫೆಬ್ರುವರಿಯಲ್ಲಿ. ಅಂದರೆ ಅದು ನನಗಿಂತ ನಾಲ್ಕು ವರ್ಷ ಕಿರಿಯದು. ಎಷ್ಟು ಜಾರಿಸಿದರೂ ತಳ ಮುಟ್ಟದ ಪುಟವನ್ನು 2006ರಲ್ಲಿ ರೂಪಿಸಿದವರು ಅಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರರು. ಆಮೇಲೆ ಅದಕ್ಕಾಗಿ ಅವರೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಲೈಕಿನ ಎಣಿಕೆಯನ್ನು ಬೇಕಾದವರು ಮರೆಮಾಡಿಕೊಳ್ಳುವ ಅವಕಾಶವನ್ನು ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ 2021ರ ಮೇ ತಿಂಗಳಲ್ಲಿ ಕೊಟ್ಟವು. ಈ ಮೂರೂ ಸಂಗತಿಗಳು ನನಗೆ ತಿಳಿದದ್ದು ಪದವಿಯ ಎರಡನೆಯ ವರ್ಷದಲ್ಲಿ, ಸೆಮಿನಾರಿಗೆಂದು ಓದುವಾಗ. ಐದು ವರ್ಷ ಒಂದು ಮನೆಯಲ್ಲಿದ್ದು ಕೊನೆಗೆ ಅದರ ನಕ್ಷೆ ನೋಡಿದಂತಾಯಿತು. ನನ್ನ ಸೋಮಾರಿತನವೆಂದು ನಾನು ಬೈದುಕೊಳ್ಳುತ್ತಿದ್ದದ್ದರಲ್ಲಿ ಅರ್ಧ ಭಾಗ ಯಾರದೋ ಮೇಜಿನ ಮೇಲೆ ಲೆಕ್ಕ ಹಾಕಿ ಕಟ್ಟಿದ ಇಳಿಜಾರು.

ಆದರೆ ನಾನು ಫೋನು ಬದಲಿಸಿದ್ದು ಹೊತ್ತು ಹಾಳಾಗುತ್ತದೆಂದಲ್ಲ. ಹತ್ತನೆಯ ತರಗತಿಯಲ್ಲಿದ್ದಾಗ ತೊಗರಿ ಹೊಲದ ಬದುವಿನ ಮೇಲೆ ನಿಂತು ಒಂದು ಅಳುವ ಹಾಡಿಗೆ ತುಟಿಯಾಡಿಸಿದ ವಿಡಿಯೊ ನನ್ನ ಖಾತೆಯ ತಳದಲ್ಲೆಲ್ಲೋ ಬಿದ್ದಿತ್ತು. ಕಣ್ಣಿಗೆ ಈರುಳ್ಳಿ ಹಚ್ಚಿಕೊಂಡು ನಿಜವಾಗಿಯೇ ನೀರು ತಂದಿದ್ದೆ. ಪದವಿಗೆ ಬಂದ ಮೇಲೆ ತರಗತಿಯ ಯಾರೋ ಅಲ್ಲಿಯವರೆಗೆ ಅಗೆದು ಅದನ್ನು ಹೊರತೆಗೆದು ನನ್ನ ಅಳುಮುಖದ ಸ್ಟಿಕ್ಕರ್ ಮಾಡಿದರು. ಅಂದಿನಿಂದ ಗ್ರೂಪಿನಲ್ಲಿ 'ನಾಳೆ ಇಂಟರ್ನಲ್ ಇದೆ' ಎಂಬ ಸೂಚನೆ ಬಂದರೆ ಅದರ ಕೆಳಗೆ ನಾನು ಅಳುತ್ತಿದ್ದೆ; ಮೆಸ್ಸಿನಲ್ಲಿ ಉಪ್ಪಿಟ್ಟು ಎಂದರೂ ನಾನೇ ಅಳುತ್ತಿದ್ದೆ. ಮೊದಲ ವಾರ ನಾನೂ ನಕ್ಕೆ. ಎರಡನೆಯ ವಾರ ವಿಡಿಯೊ ಅಳಿಸಿದೆ. ವಿಡಿಯೊ ಹೋಯಿತು, ಸ್ಟಿಕ್ಕರ್ ನಲವತ್ತು ಫೋನುಗಳಲ್ಲಿ ಉಳಿಯಿತು. ಅದನ್ನು ಕಳಿಸುತ್ತಿದ್ದವರು ಕೆಟ್ಟವರೇನಲ್ಲ. ಅವರಲ್ಲಿ ಇಬ್ಬರು ನನಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ದವರು.

ಆ ದಿನಗಳಲ್ಲಿ ಊರಿಗೆ ಹೋದಾಗ ಆಯಿ ಅವ್ವನ ಹುಡುಗಾಟದ ಕತೆಯೊಂದನ್ನು ಹೇಳುತ್ತಿದ್ದಳು. ಅವ್ವ ಹದಿನೈದರ ಹುಡುಗಿಯಾಗಿದ್ದಾಗ ಜಾತ್ರೆಯಲ್ಲಿ ಬಳೆಗಾಗಿ ಹಟ ಹಿಡಿದು ತೇರಿನ ಹಾದಿಯಲ್ಲಿ ನೆಲಕ್ಕೆ ಬಿದ್ದು ಹೊರಳಾಡಿದಳಂತೆ. ಹಿಂದಿನ ಸಲ ಅದೇ ಕತೆಯಲ್ಲಿ ಬಳೆಯ ಬದಲು ರಿಬ್ಬನ್ ಇತ್ತು, ಹೊರಳಾಡಿರಲಿಲ್ಲ, ಬರೀ ಮುನಿಸಿಕೊಂಡಿದ್ದಳು. "ಎಲ್ಲಾ ಸುಳ್ಳ ಹೇಳ್ತಾಳ ನಿಮ್ಮಾಯಿ" ಎಂದು ಅವ್ವ ನಕ್ಕು ಒಳಗೆ ಹೋದಳು. ನನಗೆ ಹೊಟ್ಟೆಕಿಚ್ಚಾಯಿತು. ಅವ್ವನ ಹದಿನೈದನೆಯ ವಯಸ್ಸಿಗೆ ಇರುವ ಸಾಕ್ಷಿ ಆಯಿಯ ಬಾಯಿ ಒಂದೇ, ಆ ಸಾಕ್ಷಿಯೂ ವರ್ಷವರ್ಷಕ್ಕೆ ಮಾತು ಬದಲಿಸುತ್ತದೆ, ಬೇಡವೆನಿಸಿದರೆ ಸುಳ್ಳೆಂದು ನಕ್ಕು ಎದ್ದುಹೋಗಲು ಅವ್ವನಿಗೆ ಬಾಗಿಲಿದೆ. ಹುಡುಗಾಟದ ವಯಸ್ಸಿನಲ್ಲಿ ಮಾಡಿದ್ದನ್ನು ಊರು ಮರೆಯುತ್ತದೆ, ಇಲ್ಲವೇ ತಪ್ಪು ತಪ್ಪಾಗಿ ನೆನೆಯುತ್ತದೆ; ಆ ಮರೆವಿನ ನೆರಳಿನಲ್ಲಿ ಮನುಷ್ಯ ಬೇರೊಬ್ಬನಾಗುತ್ತಾನೆ. ನನ್ನ ಮಟ್ಟಿಗೆ ಆ ನೆರಳಿರಲಿಲ್ಲ. ಬೆಳೆಯುತ್ತಿದ್ದಾಗಲೆಲ್ಲ ಯಾರಾದರೂ ನೋಡುತ್ತಲೇ ಇದ್ದರು, ನೋಡಿರೆಂದು ಕರೆದವಳೂ ನಾನೇ. ಸೂಪರ್ ಮಾರ್ಕೆಟ್ಟಿನ ಹುಡುಗನಿಗೆ ಹೇಳಲಾಗದೆ ಉಳಿದದ್ದು ಇದು.

ಡಬ್ಬಾ ಫೋನ್ ಈ ಕೆಲಸವನ್ನು ಮಾಡಿತೇ ಎಂದರೆ, ಭಾಗಶಃ ಮಾಡಿತು. ಮೊದಲ ಮೂರು ವಾರ ಕೈ ತಾನಾಗಿ ಅದನ್ನು ತೆಗೆದು, ತೆರೆದು, ಏನೂ ಇಲ್ಲದ್ದು ನೋಡಿ ಮತ್ತೆ ಚೀಲಕ್ಕೆ ಹಾಕುತ್ತಿತ್ತು. ಗೆಳತಿಯರ ಫೋನಿಗೆ ಹೆಗಲ ಮೇಲಿಂದ ಇಣುಕುವ ಕೆಟ್ಟ ಚಾಳಿಯೂ ಅಂಟಿಕೊಂಡಿತ್ತು. ಆಮೇಲೆ ಒಂದು ದಿನ ಸಂಜೆ ಕಲಬುರಗಿಯಲ್ಲಿ ಅಪ್ಪನ ಕೆರೆ ಎಂದು ಕರೆಯುವ ಕೆರೆಯ ದಂಡೆಯಲ್ಲಿ ಕುಳಿತಿದ್ದಾಗ ಸೂರ್ಯ ಮುಳುಗುವುದು ಬಲು ಚಂದ ಕಂಡಿತು. ಯಾವ ಹಾಡು ಹಚ್ಚಿದರೆ ಸರಿಹೊಂದೀತು ಎಂಬ ಯೋಚನೆ ಬರಲಿಲ್ಲವೆಂಬುದು ಹಾಸ್ಟೆಲಿಗೆ ಮರಳಿದ ಮೇಲೆ ಗಮನಕ್ಕೆ ಬಂತು. ಇದನ್ನು ದೊಡ್ಡ ಸಾಧನೆಯೆಂದು ಹೇಳುತ್ತಿಲ್ಲ. ಶನಿವಾರ ಊರಿಗೆ ಹೋದಾಗ ಅವ್ವನ ಬಳಿ ಇಟ್ಟಿರುವ ಹಳೆಯ ಸ್ಮಾರ್ಟ್‌ಫೋನಿನಲ್ಲಿ ಈ ಹತ್ತು ತಿಂಗಳಲ್ಲಿ ನಾಲ್ಕು ಸಲ ನನ್ನ ಖಾತೆ ತೆರೆದು ನೋಡಿದ್ದೇನೆ.

ತೊಂದರೆಗಳು ಸಣ್ಣವಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ ಪ್ರಯಾಣ ಉಚಿತ, ಆದರೆ ಗುರುತಿನ ಚೀಟಿ ತೋರಿಸಬೇಕು. ಫೋನಿನಲ್ಲಿ ಆಧಾರ್ ತೋರಿಸುವ ರೂಢಿ ಬಿದ್ದಿದ್ದ ನಾನು ಒಂದು ಶನಿವಾರ ಆಳಂದದ ಬಸ್ಸಿನಲ್ಲಿ ಕಂಡಕ್ಟರಿಗೆ ಡಬ್ಬಾ ಫೋನ್ ತೋರಿಸಿ ಪೆಚ್ಚಾಗಿ, ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡೆ. ಸಾದಾ ಫೋನಿನಲ್ಲಿಯೂ ಯುಪಿಐ ನಡೆಯಲೆಂದು ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ 123ಪೇ ಎಂಬ ವ್ಯವಸ್ಥೆ ತಂದಿದೆಯಾದರೂ, ಕರೆ ಮಾಡಿ, ಅಂಕಿ ಒತ್ತಿ, ಧ್ವನಿ ಹೇಳಿದ್ದನ್ನೆಲ್ಲ ಕೇಳಿ ಹತ್ತು ರೂಪಾಯಿ ಚಹಾದ ದುಡ್ಡು ಕಳಿಸುವಷ್ಟರಲ್ಲಿ ಹಿಂದೆ ನಿಂತವರು ಗೊಣಗುತ್ತಾರೆ. ಚಿಲ್ಲರೆ ಇಟ್ಟುಕೊಂಡು ತಿರುಗುವುದೇ ವಾಸಿ. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಒಟಿಪಿ ಮಾತ್ರ ಇದರಲ್ಲಿ ಚೆನ್ನಾಗಿ ಬರುತ್ತದೆ.

ನಿಜವಾದ ತೊಡಕು ತರಗತಿಯ ವಾಟ್ಸ್‌ಆ್ಯಪ್ ಗ್ರೂಪು. ವೇಳಾಪಟ್ಟಿ, ನೋಟ್ಸು, ಕೊಠಡಿ ಬದಲಾದ ಸುದ್ದಿ ಎಲ್ಲವೂ ಅಲ್ಲೇ ಬರುತ್ತದೆ. ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಎರಡು ವರ್ಷದ ಹಿಂದಿನ ಹಾಳೆಗಳಿವೆ. ನನ್ನ ಕೋಣೆಯ ಗೆಳತಿ ಪ್ರತಿ ರಾತ್ರಿ ಊಟವಾದ ಮೇಲೆ ಗ್ರೂಪಿನ ಸಂದೇಶಗಳನ್ನು ನನಗೆ ಓದಿ ಹೇಳುತ್ತಾಳೆ. "ನಿನ್ನ ಸನ್ಯಾಸಕ್ಕ ನಾ ಶಿಷ್ಯೆ ಆಗೀನಿ ನೋಡು" ಎಂದು ಒಮ್ಮೆ ರೇಗಿದಳು. ಅವಳ ಮಾತು ಸರಿ. ನನ್ನ ನೆಮ್ಮದಿಯ ಬಾಡಿಗೆಯನ್ನು ಅವಳು ಕಟ್ಟುತ್ತಿದ್ದಾಳೆ, ಮತ್ತು ಅಂಥ ಒಬ್ಬಳು ಕೋಣೆಯಲ್ಲಿಲ್ಲದವರಿಗೆ ಈ ಫೋನನ್ನು ಶಿಫಾರಸು ಮಾಡಲು ನನಗೆ ಧೈರ್ಯವಿಲ್ಲ. ಬಿಟ್ಟುಬಂದ ಜಾಗದಲ್ಲಿ ಒಳ್ಳೆಯದೂ ಇತ್ತು ಎಂಬುದನ್ನು ಮುಚ್ಚಿಡಬಾರದು. ನಮ್ಮ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಅಡಿ ಇರುವ ಮೀಸಲಾತಿಯ ಪ್ರಮಾಣಪತ್ರಕ್ಕೆ ಏನೇನು ಕಾಗದ ಬೇಕೆಂಬುದನ್ನು ನನಗೆ ಹೇಳಿಕೊಟ್ಟದ್ದು ಯಾವ ಕಚೇರಿಯೂ ಅಲ್ಲ, ಪರೀಕ್ಷೆಗಳಿಗೆ ಓದುತ್ತಿದ್ದ ಬೀದರಿನ ಒಬ್ಬ ಅಕ್ಕ ಹಾಕುತ್ತಿದ್ದ ಒಂದೊಂದು ನಿಮಿಷದ ವಿಡಿಯೊಗಳು. ಅವರ ಮುಖ ನೋಡಿಲ್ಲ, ಕಾಗದ ಹಿಡಿದ ಕೈ ಮಾತ್ರ ನೋಡಿದ್ದೇನೆ.

ಮನೆಯಲ್ಲಿ ಈಗ ತಂಗಿಯ ಸರದಿ. ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ, ತನಗೂ ಖಾತೆ ಬೇಕೆಂದು ಹಟ ಹಿಡಿದಿದ್ದಾಳೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರು ಇಂಥ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂದು ನಾನು ಹೇಳಿದರೆ, "ನಾವೇನ್ ಆಸ್ಟ್ರೇಲಿಯಾದಾಗ ಅದೀವೇನು?" ಎಂದಳು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರ ವಿವರಗಳನ್ನು ಬಳಸಿಕೊಳ್ಳುವ ಮೊದಲು ಪಾಲಕರ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ನಮ್ಮ ಮನೆಯಲ್ಲಿ ಒಪ್ಪಿಗೆ ಕೊಡಬೇಕಾದವಳು ಅವ್ವ. ಒಪ್ಪಿಗೆಯ ಗುಂಡಿ ಯಾವುದೆಂದು ಅವ್ವನಿಗೆ ತೋರಿಸಿಕೊಡುವವಳು ತಂಗಿ. ಅವಳಿಗೆ ಬೇಡವೆಂದು ಹೇಳುವ ಹಕ್ಕು ನನಗಿದೆಯೇ ಎಂಬ ಬಗ್ಗೆ ನಾನು ಇನ್ನೂ ಒಂದು ನಿರ್ಧಾರಕ್ಕೆ ಬಂದಿಲ್ಲ. ಈರುಳ್ಳಿಯ ಕತೆ ಹೇಳಿದೆ. ಬಿದ್ದು ಬಿದ್ದು ನಕ್ಕಳು, ಆ ವಿಡಿಯೊ ಎಲ್ಲಿದೆ ತೋರಿಸು ಎಂದಳು.

ಫೋನಿನ ವಿಷಯಕ್ಕೆ ಮರಳಿದರೆ, ಎಂಟನೆಯ ತಿಂಗಳಲ್ಲಿ ಅದು ಮೆಟ್ಟಿಲ ಮೇಲಿಂದ ಬಿದ್ದು ಮೂರು ಭಾಗವಾಯಿತು. ಬ್ಯಾಟರಿ ಕೂಡಿಸಿ ಮುಚ್ಚಳ ಹಾಕಿದೆ, ಎದ್ದು ನಿಂತಿತು; ಆದರೆ ಅಂದಿನಿಂದ 5ರ ಕೀಲಿ ಉಗುರಿನಿಂದ ಗಟ್ಟಿಯಾಗಿ ಒತ್ತಿದರಷ್ಟೇ ಕೇಳುತ್ತದೆ. ರಿಪೇರಿಗೆ ಒಯ್ದರೆ ಅಂಗಡಿಯವರು ಬಿಚ್ಚಿಯೂ ನೋಡದೆ "ಇದಕ್ಕ ರಿಪೇರಿ ಇಲ್ರಿ, ಹೊಸಾದ ತಗೋರಿ" ಎಂದರು. 1,850 ರೂಪಾಯಿಯ ವಸ್ತುವನ್ನು ವರ್ಷದೊಳಗೆ ಎಸೆಯಲು ಹೇಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಬಾಳಿಕೆಯ ವಿಷಯದಲ್ಲಿ ಇದಕ್ಕೆ ನಾನು ಹೆಚ್ಚು ಅಂಕ ಕೊಡಲಾರೆ. ಹೀಗಿದ್ದೂ ಇದು ಪೂರ್ತಿ ಕೆಟ್ಟ ದಿನ ಇಂಥದ್ದೇ ಇನ್ನೊಂದನ್ನು ಕೊಳ್ಳುವೆನೆಂದು ಅನ್ನಿಸುತ್ತದೆ, ಕೊನೆಯ ಸೆಮಿಸ್ಟರ್ ಮುಗಿಯುವವರೆಗಾದರೂ. ಕೆಲಸಕ್ಕೆ ಅರ್ಜಿ ಹಾಕುವ ಕಾಲ ಬಂದರೆ ಲೆಕ್ಕ ಬೇರೆ.

ಕ್ಯಾಮೆರಾ ಬಗ್ಗೆ ಬರೆಯುವುದು ಉಳಿದಿತ್ತು. ಇದೆ ಎನ್ನಬಹುದಷ್ಟೇ, ಬಿಸಿಲಿನಲ್ಲಿ ತೆಗೆದರೆ ಬಿಳುಪು, ನೆರಳಿನಲ್ಲಿ ತೆಗೆದರೆ ಮಸಿ. ಹೋದ ತಿಂಗಳು ಊರಿನಲ್ಲಿ ಆಯಿ ಅದೇ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಒಂದು ಫೋಟೊ ತೆಗೆದೆ. ಆಯಿಯ ಕೈ ಅಲುಗಿ ಹೊಗೆಯಂತೆ ಬಂದಿದೆ, ಮುಖ ಅರ್ಧ ಗುರುತಾಗುತ್ತದೆ, ಮೇಲೆ ಪತ್ರಾಸು, ಕಲ್ಲು, ಟೈರು ಇವೆ. ಕತ್ತರಿಸುವ ಸೌಲಭ್ಯ ಈ ಫೋನಿನಲ್ಲಿಲ್ಲ.